ಹಂಡೆಯಲ್ಲಿ ಕಾಯಿಸಿದ ಡೀಸೆಲ್

ಹೊಂಗೆಣ್ಣೆ, ಕೊಬ್ಬು ಇವನ್ನೆಲ್ಲ ಬಿಸಿನೀರಿನಿಂದಲೇ ಡೀಸೆಲ್ ಮಾಡಬಹುದೆಂದು ಮೊಬೈಲಿನಲ್ಲಿ ನೋಡಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮೇಷ್ಟ್ರು ನಾನು. ಇದು ನನಗೇ ಯಾಕೆ ಹೊಳೆಯಲಿಲ್ಲ ಎಂದಷ್ಟೇ ಬೇಸರವಾಯಿತು. ವಿಡಿಯೊ ಉದ್ದವಾಗಿತ್ತು. ಬಲ್ಲವನು ಪೂರ್ತಿ ನೋಡಬೇಕಿಲ್ಲವೆಂದು ನಾಲ್ಕನೇ ನಿಮಿಷಕ್ಕೆ ನಿಲ್ಲಿಸಿದೆ.

ಮಾಂಬಳ್ಳಿಯ ನಮ್ಮ ಮನೆಯಲ್ಲಿ ಬೇಕಾದ್ದೆಲ್ಲ ಇತ್ತು. ಬದುವಿನ ಮರದ ಬೀಜ ಆಡಿಸಿ ತಂದ ಐದು ಲೀಟರ್ ಹೊಂಗೆಣ್ಣೆ. ಬಚ್ಚಲುಮನೆಯಲ್ಲಿ ಹೆಂಡತಿ ಗಿರಿಜೆಯ ತವರಿನ ತಾಮ್ರದ ಹಂಡೆ. ಅಂದೇ ನಮ್ಮ ಗದ್ದೆಯ ನಾಟಿ. ಉಳಲು ಟಿಲ್ಲರ್ ತರುವವನು ಪಕ್ಕದ ಮನೆಯ ಮಾದೇಶ, ನನ್ನ ಹಳೆಯ ವಿದ್ಯಾರ್ಥಿ. ಅವನ ಟಿಲ್ಲರಿಗೆ ನನ್ನ ಡೀಸೆಲ್ ಹಾಕಿ ಊರಿಗೇ ತೋರಿಸುವುದೆಂದು ತೀರ್ಮಾನಿಸಿ, ಬೆಳಿಗ್ಗೆ ಐದಕ್ಕೇ ಹಂಡೆಯ ನೀರಿಗೆ ಎಣ್ಣೆ ಸುರಿದು ಒಲೆ ಹಚ್ಚಿದೆ.

ಸ್ನಾನಕ್ಕೆ ಬಂದ ಗಿರಿಜೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು ಗಬ್ಬು?"

"ನವೀಕರಿಸಬಹುದಾದ ಇಂಧನ."

"ನಾನು ಸ್ನಾನ ಮಾಡೋದೆಂಗೆ?"

"ದೇಶಕ್ಕೋಸ್ಕರ ಒಂದಿನ ತಣ್ಣೀರು ಹುಯ್ಕೋ."

ಅವಳು ಒಲೆಯ ಕಡೆ ನೋಡಿದಳು. "ಎರಡೊರೆ ಸೌದೆ ಉರ್ಸಿ ಐದ್ ಲೀಟ್ರು ಡೀಸಲ್ ಮಾಡ್ತಿದೀರಾ?"

ಪ್ರಶ್ನೆ ವೈಜ್ಞಾನಿಕವಾಗಿತ್ತು. ಆದ್ದರಿಂದ ಇನ್ನೊಂದು ಕೊಳ್ಳಿ ಒಲೆಗೆ ತಳ್ಳಿದೆ.

ಮೂರು ಗಂಟೆ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಲ್ಲಿ ತೆಗೆದು ಕ್ಯಾನಿಗೆ ತುಂಬಿದೆ. ಗದ್ದೆಯ ಬದುವಿನಲ್ಲಿ ಮಾದೇಶ ತಿಂಡಿ ತಿನ್ನುತ್ತಿದ್ದಾಗ, "ನೀನು ತಿನ್ನಪ್ಪ, ಡೀಸೆಲ್ ನಾನೇ ಹಾಕ್ತೀನಿ" ಎಂದು ಟ್ಯಾಂಕಿಗೆ ಸುರಿದೂಬಿಟ್ಟೆ.

ಟಿಲ್ಲರ್ ಹೊರಟಿತು! ಒಂದು ಸುತ್ತು ಬಂತು. ನನ್ನ ಎದೆ ಉಬ್ಬಿತು. ಎರಡನೇ ಸುತ್ತಿನಲ್ಲಿ ಕೆಮ್ಮಿ, ಬಿಳಿ ಹೊಗೆ ಉಗುಳಿ, ಕೆಸರಿನ ನಟ್ಟನಡುವೆ ನಿಂತುಬಿಟ್ಟಿತು.

ಅಷ್ಟರಲ್ಲಿ ಮಡಿಯಿಂದ ಕಿತ್ತ ಸಸಿಯ ಕಟ್ಟುಗಳು ಬದುವಿನ ಮೇಲೆ ಬಂದು ಬಿದ್ದಿದ್ದವು. ನಾಟಿಯ ಹೆಂಗಸರು ಎಂಟು ಜನ ಸೀರೆ ಎತ್ತಿ ಕಟ್ಟಿ ನಿಂತಿದ್ದರು. ಮರುದಿನಕ್ಕೆ ಅವರು ಇನ್ನೊಬ್ಬರ ಗದ್ದೆಗೆ ಮಾತು ಕೊಟ್ಟಿದ್ದರು.

"ಕಿತ್ತಿರೋ ಸಸಿ ನಾಳೆಗಂಟ ಕಾಯಾಕಿಲ್ಲ ಕಣ್ ಮೇಷ್ಟ್ರೇ, ಬಾಡೋಯ್ತದೆ" ಎಂದಳು ಅವರ ಮುಂದಾಳು ಪುಟ್ಟಮಣಿ. ಈ ಬೆಳೆಯ ಭತ್ತವೆಲ್ಲ ಆ ಕಟ್ಟುಗಳಲ್ಲೇ ಇತ್ತು.

ಮಾದೇಶ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಸಾ, ಒಂಗೆಣ್ಣೆ ವಾಸ್ನೆ ಬತ್ತಾದೆ."

"ಸುಧಾರಿಸಿದ ಹೊಂಗೆಣ್ಣೆ" ಎಂದೆ, ನೆಲ ನೋಡುತ್ತ.

ಅವನು ಬೈಯಬಹುದಿತ್ತು. ಬೈಯಲಿಲ್ಲ. ಟ್ಯಾಂಕ್ ಬರಿದು ಮಾಡಿ, ಪೈಪು ಬಿಚ್ಚಿ, ಫಿಲ್ಟರ್ ತೊಳೆದು ಎರಡು ಗಂಟೆ ಕೆಸರಲ್ಲೇ ಕೂತ. ಪುಟ್ಟಮಣಿಯವರು ಸಸಿಯ ಬೇರುಗಳನ್ನು ಕಾಲುವೆಯ ನೀರಿಗಿಟ್ಟು ಮೇಲೆ ಒದ್ದೆ ಗೋಣಿ ಹೊದಿಸಿದರು. ಆಚೆ ಗದ್ದೆಯವರು ಕೂಗಿ ಕರೆದರೂ ಒಬ್ಬರೂ ಕದಲಲಿಲ್ಲ. ಬೆಳಿಗ್ಗೆ ತಣ್ಣೀರು ಹುಯ್ದುಕೊಂಡ ಗಿರಿಜೆಯೇ ಎಲ್ಲರಿಗೂ ಮಜ್ಜಿಗೆ ಹೊತ್ತು ತಂದಳು. ನಿಜವಾದ ಡೀಸೆಲ್ ಕುಡಿದು ಟಿಲ್ಲರ್ ಮತ್ತೆ ಹೊರಟಿತು. ಹೊತ್ತು ಮುಳುಗುವ ಮುನ್ನ ಕೊನೆಯ ಸಸಿ ನೆಲ ಸೇರಿತು. ಅವರ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?

ಮನೆಗೆ ಬಂದು ವಿಡಿಯೊದ ಐದನೇ ನಿಮಿಷ ನೋಡಿದೆ. ನೀರನ್ನು ಭದ್ರವಾಗಿ ಮುಚ್ಚಿ, ಭಾರೀ ಒತ್ತಡದಲ್ಲಿ, ಕುದಿಯುವ ಬಿಸಿಗಿಂತ ಎಷ್ಟೋ ಹೆಚ್ಚು ಕಾಯಿಸಬೇಕಂತೆ. ನಮ್ಮ ಹಂಡೆಗೆ ಮುಚ್ಚಳವೇ ಇರಲಿಲ್ಲ.

ಪಕ್ಕದ ಮನೆಗೆ ಹೋಗಿ ಮಾದೇಶನ ಕೈ ಹಿಡಿದು ಕ್ಷಮೆ ಕೇಳಿದೆ.

"ಬುಡಿ ಸಾ. ನಮ್ಮಪ್ಪ ಬರೀ ಒಂಗೆಣ್ಣೆನೇ ಪಂಪ್‌ಸೆಟ್ಟಿಗೆ ಉಯ್ತಿದ್ದ, ಓಡ್ತಿತ್ತು. ನೀವು ನೀರ್ ಸೇರ್ಸಿ ಕೆಡಿಸ್ಬುಟ್ರಿ." ಆಮೇಲೆ ಸಂಕೋಚದಿಂದ ತಲೆ ಕೆರೆದುಕೊಂಡ. "ಎಣ್ಣೆ ನೀರು ಬೆರೆಯಾಕಿಲ್ಲ ಅಂತ ಏಳ್ನೇ ಕ್ಲಾಸ್ನಲ್ಲಿ ನೀವೇ ಏಳ್ಕೊಟ್ಟಿದ್ದು ಸಾ."

ನನ್ನ ಪಾಠ ಒಬ್ಬನಿಗಾದರೂ ನೆನಪಿದೆಯಲ್ಲ ಎಂದು ಕಣ್ಣು ತುಂಬಿ ಬಂತು. ಆ ಒಬ್ಬ ನಾನಲ್ಲ, ಅಷ್ಟೇ.