ನನ್ನ ಜಡೆ, ಅತ್ತಿಗೆಯ ಗಂಗಾವನ

ತಲೆತುಂಬ ಕೂದಲಿದ್ದಾಗ ನಾನು ಅಷ್ಟೇನೂ ಒಳ್ಳೆಯವಳಾಗಿರಲಿಲ್ಲ. ಅದು ಹೋದ ಮೇಲೆ ಒಪ್ಪಿಕೊಳ್ಳುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ಆದರೂ ಹೇಳಿಬಿಡುತ್ತೇನೆ. ಸೊಂಟ ದಾಟುವ ಜಡೆ ನನ್ನದು. ಯಲ್ಲಾಪುರದ ನಮ್ಮ ಶಾಲೆಯ ಮಕ್ಕಳು ನನ್ನನ್ನು ಗುರುತಿಸುತ್ತಿದ್ದದ್ದು ನಾನು ಕಲಿಸುವ ಗಣಿತದಿಂದಲ್ಲ, 'ಉದ್ದ ಜಡೆ ಅಕ್ಕೋರು' ಎಂದು. "ತಲೆಗೆ ಎಂತ ಹಚ್ತೀರಿ?" ಎಂದು ಯಾರಾದರೂ ಕೇಳಿದರೆ, "ಎಂತದೂ ಇಲ್ಲ, ಹುಟ್ಟಿನಿಂದಲೇ ಹೀಗೆ" ಅನ್ನುತ್ತಿದ್ದೆ. ವಾರಕ್ಕೆರಡು ಸಲ ದಾಸವಾಳದ ಸೊಪ್ಪು ಕಿವುಚಿ, ಆ ಲೋಳೆಯನ್ನು ತಲೆಗೆ ತಿಕ್ಕಿಕೊಳ್ಳುತ್ತಿದ್ದ ಸಂಗತಿ ಬಚ್ಚಲುಮನೆಗೆ ಮಾತ್ರ ಗೊತ್ತಿತ್ತು.

ಕಳೆದ ಮಳೆಗಾಲದಲ್ಲಿ ಡೆಂಗಿ ಬಂತು. ಹತ್ತು ದಿನ ಮಲಗಿ ಎದ್ದೆ, ಬದುಕಿದೆನೆಂದುಕೊಂಡೆ. ನವರಾತ್ರಿಯ ಹೊತ್ತಿಗೆ ಬಾಚಣಿಗೆ ಇಟ್ಟಲ್ಲೆಲ್ಲ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ದಿಂಬಿನ ಮೇಲೆ ಕೂದಲು, ಸಾರಿನಲ್ಲಿ ಕೂದಲು, ಮಕ್ಕಳ ಪಟ್ಟಿಪುಸ್ತಕದ ಹಾಳೆಯ ನಡುವೆಯೂ ಕೂದಲು. ಡಾಕ್ಟರು "ಜ್ವರದ ನಂತರ ಹೀಗಾಗುತ್ತದೆ, ತಾನಾಗಿ ಬರುತ್ತದೆ" ಎಂದು ಮುಖವನ್ನೂ ಎತ್ತದೆ ಹೇಳಿ ಕಳಿಸಿದರು. ನನ್ನವರಿಗಂತೂ ಒಳಗೊಳಗೇ ಖುಷಿ. ತಮ್ಮ ಬೋಳುತಲೆ ಸವರಿಕೊಳ್ಳುತ್ತ, "ಹೆದ್ರಡ ಮಾರಾಯ್ತಿ, ಇಪ್ಪತ್ತು ವರ್ಷದಿಂದ ಆನು ಹಿಂಗೇ ಇಲ್ಯಾ?" ಅಂದರು. ಗರುಗದ ಸೊಪ್ಪು ಕಾಯಿಸಿದ ಎಣ್ಣೆ, ಈರುಳ್ಳಿ ರಸ ಎಲ್ಲವೂ ಆಯಿತು. ಈರುಳ್ಳಿಯಿಂದ ಆದ ಲಾಭವೆಂದರೆ ತರಗತಿಯಲ್ಲಿ ಮುಂದಿನ ಬೆಂಚು ಖಾಲಿಯಾದದ್ದು.

ಹೆದರಿಕೆ ಇದ್ದದ್ದು ಕೂದಲಿಗಲ್ಲ, ಮದುವೆಗೆ. ವಜ್ರಳ್ಳಿಯಲ್ಲಿರುವ ನನ್ನ ಅಣ್ಣನ ಮಗಳ ಮದುವೆ ಶಿರಸಿಯಲ್ಲಿ ಗೊತ್ತಾಗಿತ್ತು. ಸೋದರತ್ತೆ ನಾನೊಬ್ಬಳೇ, ಆರತಿಗೆ ಎಲ್ಲರ ಮುಂದೆ ನಿಲ್ಲಬೇಕಾದವಳು. ಮದುಮಗಳ ತಾಯಿಯಾಗಿ ಅಲ್ಲಿ ಅತ್ತಿಗೆ ಇರುತ್ತಾರೆ. ಅತ್ತಿಗೆಯ ಮುಂದೆ ಈ ತಲೆ ಹೊತ್ತು ನಿಲ್ಲುವುದು ಹೇಗೆ?

ಯಾಕೆಂದರೆ ಹಿಂದೊಮ್ಮೆ ಅತ್ತಿಗೆಗೆ ವಿಷಮಶೀತ ಜ್ವರ ಬಂದು ಕೂದಲು ಉದುರಿತ್ತು. ಅದಾಗಿ ಕೆಲವೇ ದಿನಕ್ಕೆ ಅವರ ಮಗನ ಉಪನಯನ. ಬಂದ ಹೆಂಗಸರಿಗೆಲ್ಲ ಕುಂಕುಮ ಕೊಟ್ಟು ಹೂ ಮುಡಿಸುವ ಕೆಲಸ ನನ್ನದು. ಹರಿವಾಣ ಹಿಡಿದು ಅತ್ತಿಗೆಯ ಹಿಂದೆ ನಿಂತು ಮಲ್ಲಿಗೆ ಸಿಕ್ಕಿಸಹೋದೆ, ಜಡೆಯೇ ಕೈಗೆ ಬಂತು. ಗಂಗಾವನ! ಇದ್ದಷ್ಟು ಕೂದಲಿಗೆ ಸೇರಿಸಿ ಹೆಣೆದುಕೊಳ್ಳುವ ಆ ಕಟ್ಟುಜಡೆಯನ್ನು ಮೆಲ್ಲಗೆ ಅಲ್ಲೇ ಸಿಕ್ಕಿಸಿದ್ದರೆ ಮುಗಿಯುತ್ತಿತ್ತು. ನಾನು ಅದನ್ನು ಎತ್ತಿ ಹಿಡಿದು, "ಅತ್ಗೇ, ಇದು ಯಾರದ್ದೇ?" ಅಂದೆ. ಜಗಲಿಯೇ ನಕ್ಕಿತು. ಅತ್ತಿಗೆಯೂ ನಕ್ಕರು. ಅವರೇ ನಕ್ಕಮೇಲೆ ತಪ್ಪೇನು ಎಂದು ಇಷ್ಟು ವರ್ಷ ನಾನು ಆರಾಮಾಗಿದ್ದೆ.

ಮದುವೆಗೆ ಎರಡು ದಿನ ಮುಂಚೆ ಶಿರಸಿ ಪೇಟೆಗೆ ಹೋಗಿ ನಾನೂ ಒಂದು ಗಂಗಾವನ ಕೊಂಡೆ. ಅಂಗಡಿಯಲ್ಲಿ "ನಂಟರೊಬ್ಬರಿಗೆ ಬೇಕಿತ್ತು" ಎಂದು ಸುಳ್ಳನ್ನೂ ಹೇಳಿದೆ. ಮದುವೆಯ ಬೆಳಿಗ್ಗೆ ಛತ್ರದ ಕೋಣೆಯ ಕದ ಮುಂದಕ್ಕೆಳೆದುಕೊಂಡು ಕನ್ನಡಿಯ ಎದುರು ಒದ್ದಾಡುತ್ತಿದ್ದೆ. ಮೇಲೆ ಕಟ್ಟಿದರೆ ಕೆಳಗೆ ಜಾರುತ್ತಿತ್ತು. ಅಷ್ಟರಲ್ಲಿ ಹೂವಿನ ಹರಿವಾಣ ಹಿಡಿದು ಅತ್ತಿಗೆಯೇ ಒಳಗೆ ಬಂದರು. ನೋಡಿದರು. ಹಿಂದಿನಿಂದ ಕದಕ್ಕೆ ಚಿಲಕ ಹಾಕಿದರು.

"ಪಿನ್ನು ಅಡ್ಡ ಹಾಕವು ತಂಗಿ, ಉದ್ದ ಹಾಕಿದ್ರೆ ಜಾರ್ತು" ಎಂದು ತಮ್ಮ ತಲೆಯಿಂದಲೇ ಎರಡು ಪಿನ್ನು ತೆಗೆದು ಸಿಕ್ಕಿಸಿದರು. ಜಗ್ಗಿ ನೋಡಿದರು, ಅಲುಗಲಿಲ್ಲ. ಭಾರವಾಗದಷ್ಟು ಮಲ್ಲಿಗೆ ಮುಡಿಸಿದರು.

"ಅತ್ಗೇ, ಆವತ್ತು ಆನು ಹಂಗೆ ಮಾಡಲಾಗಿತ್ತಿಲ್ಲೆ. ಎಲ್ಲರೆದುರು ಎತ್ತಿ ತೋರ್ಸಿದ್ದು ತಪ್ಪಾತು."

ಅತ್ತಿಗೆ ಹೂವಿನ ಎಸಳು ಸರಿಪಡಿಸುತ್ತಲೇ ಹೇಳಿದರು. "ತೋರ್ಸಿದ್ದು ಹೋಗ್ಲಿ. ನಕ್ಕಂಡು ಆಚೆ ಹೋದವಳು ಹೂ ಮುಡಿಸಲೇ ಇಲ್ಲೆ ನೀನು. ಮಗನ ಉಪನಯನದ ದಿನ ಆನು ಹೂವಿಲ್ದೇ ಓಡಾಡ್ದೆ. ಕೇಳಲೂ ನಾಚ್ಕೆ."

ಇದು ನನಗೆ ನೆನಪೇ ಇರಲಿಲ್ಲ. ಜಡೆ ಎತ್ತಿ ಹಿಡಿದದ್ದು, ಎಲ್ಲರೂ ನಕ್ಕದ್ದು, ನನ್ನ ಮಾತಿನ ಚಂದ, ಎಲ್ಲ ನೆನಪಿತ್ತು. ಆ ಹೂವನ್ನು ಎಲ್ಲಿಟ್ಟೆನೋ, ಯಾರಿಗೆ ಮುಡಿಸಿದೆನೋ ತಿಳಿಯದು.

ಹರಿವಾಣದಿಂದ ಒಂದು ಮೊಳ ಮಲ್ಲಿಗೆ ತೆಗೆದುಕೊಂಡು, "ತಿರುಗೇ ಅತ್ಗೆ, ಆನು ಮುಡಿಸ್ತೆ" ಅಂದೆ. ಅತ್ತಿಗೆಯ ಕೈ ತಾನಾಗಿ ತಲೆಯ ಹಿಂದೆ ಹೋಗಿ ಜಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆಮೇಲೆ ನಕ್ಕು, "ಕೊಡು, ಆನೇ ಮುಡ್ಕಳ್ತೆ" ಎಂದು ಹೂವನ್ನು ಇಸಿದುಕೊಂಡರು. ಅವರ ಜಾಗದಲ್ಲಿದ್ದರೆ ನಾನಾದರೂ ನನ್ನ ಕೈಗೆ ತಲೆ ಕೊಡುತ್ತಿರಲಿಲ್ಲ.