ಲೂರ್ದಮ್ಮನ ಅಡುಗೆಮನೆಯಲ್ಲಿ ಚವರಪ್ಪನ ದಿಗ್ವಿಜಯ

ಎಲೈ ಸಕಲಜಠರನಿವಾಸಿಯಾದ ಅಗ್ನಿಯೇ, ಹಸಿದವರಿಗೆ ಅನ್ನವನ್ನೂ ಉಂಡವರಿಗೆ ತೇಗನ್ನೂ ಕರುಣಿಸುವವನೇ, ಈ ಕಥೆ ಹೇಳುವ ನಾಲಗೆಗೆ ಬಲ ಕೊಡು. ಗ್ಯಾಸ್ ಸಿಲಿಂಡರು ಮನೆಬಾಗಿಲಿಗೇ ಬರುತ್ತಿದ್ದ, ಆದರೂ ಗಂಡಸರು ಅಡುಗೆಮನೆಯ ಹೊಸಿಲು ದಾಟದಿದ್ದ ಸುವರ್ಣಯುಗದಲ್ಲಿ, ಕನಕಪುರದ ಸೀಮೆಯಲ್ಲಿ, ಸ್ವಸ್ತಿ ಸಮಸ್ತ-ಭೋಜನ-ದೋಷಾನ್ವೇಷಣ-ಧುರಂಧರನೂ, ಲವಣಾಮ್ಲ-ಕಟುರಸ-ನ್ಯಾಯಾಧೀಶನೂ, ನಿವೃತ್ತ-ಬಸ್ಸು-ನಿರ್ವಾಹಕ-ಕುಲತಿಲಕನೂ ಆದ ಚವರಪ್ಪನೆಂಬ ವೀರನಿದ್ದನು. ಮದುವೆಯಾದಂದಿನಿಂದ ಒಂದು ತುತ್ತನ್ನೂ ಕುಂದು ಹೇಳದೆ ನುಂಗಿದವನಲ್ಲ.

ಅವನ ಧರ್ಮಪತ್ನಿ ಲೂರ್ದಮ್ಮ, ಹರೆಯದಲ್ಲಿ ಬೆಂಗಳೂರಿನ ಕಾನ್ವೆಂಟಿನ ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವಳು. ಪ್ರತಿವರ್ಷ ಕ್ರಿಸ್‌ಮಸ್ಸಿನ ಮರುದಿನ ಹಬ್ಬದಲ್ಲಿ ಮಿಕ್ಕ, ಹ್ಯಾಮೆಂಬ ಹಂದಿತೊಡೆಯನ್ನು ಮೂಳೆಸಮೇತ ಅವರೆಕಾಳಿಗೂ ತರಕಾರಿಗೂ ಬೆರೆಸಿ, ಸಣ್ಣ ಉರಿಯಲ್ಲಿ ಅರ್ಧ ದಿನ ಬೇಯಿಸಿ, ಊರೇ ಮೂಗರಳಿಸುವಂಥ ಸೂಪು ಮಾಡುವಳು. ಆ ವರ್ಷ ಬಚ್ಚಲಲ್ಲಿ ಜಾರಿ ಬಲಗೈ ಉಳುಕಿ ಪಟ್ಟಿ ಕಟ್ಟಿಸಿಕೊಂಡಿದ್ದಳು. ಹಬ್ಬದ ಸಂಜೆ, “ಈ ಸಲ ಸೂಪು ಬ್ಯಾಡ ಬುಡಿ” ಎಂದದ್ದೇ ತಡ, ಮಹಾರಥಿಯು ಮೀಸೆ ನೀವಿದನು.

“ಏನಮ್ಮಿ, ಸೂಪು ಮಾಡದು ಒಂದ್ ಇದ್ಯೆನಾ? ತುಂಬಿದ್ ಬಸ್ಸಲ್ಲಿ ಜನಾನ ಹಿಂದುಕ್ಕೆ ತಳ್ಳಿ, ಮುಂದುಕ್ಕೆ ಎಳ್ದು, ಚಿಲ್ರೆ ಕೊಟ್ಟು ಸಂಬಾಳ್ಸಿದೋನು ನಾನು. ಒಂದ್ ಸೇರು ಅವರೆಕಾಳು ನನ್ ಮಾತು ಕೇಳಕಿಲ್ವಾ?”

“ಆಯ್ತು, ಮಾಡಿ. ನಾಳೆ ನನ್ ತಮ್ಮ ಇನ್ನಾಸಪ್ಪ ಉಣ್ಣಕ್ ಬತ್ತಾನೆ. ಚೆನ್ನಾಗಿದ್ರೆ ಅವನ ಮುಂದೇನೇ ಚೆನ್ನಾಗದೆ ಅಂತೀನಿ. ಕೆಟ್ಟೋದ್ರೆ, ಇನ್ಮೇಲೆ ನನ್ ಅಡುಗೇಗೆ ನೀವು ಕೊಂಕು ಆಡಂಗಿಲ್ಲ. ಅಲ್ಲೀಗಂಟ ನಾನು ತುಟಿ ಬಿಚ್ಚಲ್ಲ.”

ಚವರಪ್ಪನು ನೀವುತ್ತಿದ್ದ ಮೀಸೆಯನ್ನು ಬಿಟ್ಟನು. ರಾಜ್ಯವನ್ನು ಪಣಕ್ಕಿಟ್ಟವರುಂಟು, ಕಿರೀಟವನ್ನು ಇಟ್ಟವರುಂಟು. ಊಟಕ್ಕೆ ಕೊಂಕಾಡುವ ಹಕ್ಕನ್ನೇ ಇಟ್ಟವರನ್ನು ಅವನು ಕೇಳಿರಲಿಲ್ಲ. ಆ ಹಕ್ಕಿಲ್ಲದೆ ಬದುಕುವುದು ಹೇಗೆಂದು ಅವನಿಗೆ ನಿಜವಾಗಿಯೂ ತಿಳಿಯದು. ಆದರೂ ಆಡಿದ ಮಾತಿಗೆ ತಪ್ಪದೆ ರಾತ್ರಿಯೇ ಕಾಳು ನೆನೆಹಾಕಿದನು.

ಮರುದಿನ ಬೆಳಗ್ಗೆ, ಲುಂಗಿಯನ್ನು ವೀರಗಚ್ಚೆ ಕಟ್ಟಿ, ಈಳಿಗೆಮಣೆಯನ್ನೇರಿ, ಅಶ್ರುಧಾರಾಸಿಕ್ತ-ಕಪೋಲನಾಗಿ ಈರುಳ್ಳಿಯ ಸೇನೆಯನ್ನು ಕತ್ತರಿಸಿ, ಕ್ಯಾರೆಟ್ಟುಗಳ ಶಿರಶ್ಛೇದ ಮಾಡಿ, ಕೋಸನ್ನು ನಾಲ್ಕು ಹೋಳಾಗಿಸಿ, ಎಲ್ಲವನ್ನೂ ಕಾಳಿನೊಡನೆ ಕುದಿವ ನೀರಿಗೆ ಕೆಡವಿ, ಮೇಲೆ ಹ್ಯಾಮಿನ ಆ ಘನಗಂಭೀರ ಮೂಳೆಯನ್ನು ಇಳಿಸಿದನು. ಬಳಿಕ ಉಪ್ಪಿನ ಭರಣಿಗೆ ಕೈ ಹಾಕಿ ಮಟನ್ ಸಾರಿಗೆ ಹಾಕುವಷ್ಟು ಹರಳುಪ್ಪನ್ನು ಮುಷ್ಟಿಯಲ್ಲಿ ಹಿಡಿದನು. ಮೂಲೆಯ ಕುರ್ಚಿಯಲ್ಲಿದ್ದ ಲೂರ್ದಮ್ಮ ಕೆಮ್ಮಿದಳು. ಅವನು ತಿರುಗಿ ನೋಡಿದನು. ಆಕೆ ಇನ್ನೂ ಜೋರಾಗಿ ಕೆಮ್ಮಿದಳು.

“ನೀರ್ ಕುಡಿ” ಎಂದು ಕನಿಕರದಿಂದ ನುಡಿದು, ಚವರಪ್ಪನು ಉಪ್ಪನ್ನು ಪಾತ್ರೆಗೆ ಎಸೆದನು.

ಗಂಟೆಗಳು ಉರುಳಿ ಕಾಳು ಮೆತ್ತಗಾದ ಮೇಲೆ ಸೌಟಿನಲ್ಲಿ ರುಚಿ ನೋಡಿದನು. ಹ್ಯಾಮೆಂಬುದು ಅಂಗಡಿಯಿಂದಲೇ ಉಪ್ಪಿನಲ್ಲಿ ಊರಿ ಬರುವ ಮಾಂಸವೆಂಬ ಪರಮರಹಸ್ಯವು ಆಗ ಅವನ ನಾಲಗೆಗೆ ಗೋಚರಿಸಿತು. “ಲೂರ್ದೂ” ಎಂದನು, ಮೆಲ್ಲಗೆ. ಪ್ರತಿಜ್ಞಾಬದ್ಧೆಯಾದ ಆಕೆ ತುಟಿ ಬಿಚ್ಚಲಿಲ್ಲ. ಎಡಗಾಲಿನಿಂದ ಆಲೂಗೆಡ್ಡೆಯ ಬುಟ್ಟಿಯನ್ನು ಅವನತ್ತ ನೂಕಿ, ಏನೂ ಅರಿಯದವಳಂತೆ ಕಿಟಕಿಯ ಕಡೆ ನೋಡಿದಳು. ಬುಟ್ಟಿಗೆ ಬುಟ್ಟಿಯೇ ಸಿಪ್ಪೆ ಸುಲಿದು ಹಾಕಿ, ನೀರು ಸುರಿದು, ಉಕ್ಕತೊಡಗಿದ ಸೂಪನ್ನು ಬಿರಿಯಾನಿಯ ದೊಡ್ಡ ಪಾತ್ರೆಗೆ ಸಾಗಿಸಿ, ಸೊಂಟ ಹಿಡಿದುಕೊಂಡು ಮತ್ತೆ ಕುದಿಸಿದನು. ತಳ ಸ್ವಲ್ಪ ಹಿಡಿಯಿತು, ನಿಜ. ಆದರೆ ಉಪ್ಪು ಇಳಿಯಿತು.

ಮಧ್ಯಾಹ್ನ ಇನ್ನಾಸಪ್ಪ ಬಂದು, ಕೂತು, ಸೊರ್ರನೆ ಒಂದು ಬಟ್ಟಲು ಮುಗಿಸಿ, ಇನ್ನೊಂದಕ್ಕೆ ಚಮಚ ಹಾಕಿದನು. “ಅಕ್ಕ, ಕೈ ನೋವಲ್ಲೂ ಏನ್ ಮಾಡಿದ್ದೀಯವ್ವ. ನಿನ್ ಕೈರುಚಿ ಎಲ್ಲೋಯ್ತದೆ?”

“ನಾನಲ್ಲ ಕಣ್ಲ, ನಿಮ್ ಭಾವ ಮಾಡಿದ್ದು. ಚೆನ್ನಾಗದೆ” ಎಂದಳು ಲೂರ್ದಮ್ಮ.

ದೇವದುಂದುಭಿಗಳು ಮೊಳಗಬೇಕಾದ ಹೊತ್ತು. ಇನ್ನಾಸಪ್ಪನ ಚಮಚ ನಡುದಾರಿಯಲ್ಲೇ ನಿಂತಿತು. ಬಟ್ಟಲನ್ನು ಓರೆ ಮಾಡಿ ನೋಡಿ, “ಭಾವನಾ? ಅದುಕ್ಕೇ ಮತ್ತೆ, ಕೋಸೆಲ್ಲ ಕರಗೋಗದೆ” ಎಂದನು.

ಚವರಪ್ಪನ ಮೈ ಉರಿಯಿತು. ಬೆಳಗಿನಿಂದ ಒಲೆಯ ಮುಂದೆ ನಿಂತವನು ತಾನು, ಬೆರಳು ಸುಟ್ಟುಕೊಂಡವನು ತಾನು. ಅವನು ಬಾಯಿ ತೆರೆಯುವಷ್ಟರಲ್ಲಿ ಲೂರ್ದಮ್ಮನೇ ತಮ್ಮನ ಮೇಲೆ ಎರಗಿದಳು. “ಸುಮ್ಕೆ ತಿನ್ಲಾ. ಒಲೆ ಮುಂದೆ ನಿಂತೋರ್ ಕಾಲ್ನೋವು ಕೂತ್ಕೊಂಡ್ ತಿನ್ನೋರ್ಗೇನ್ ಗೊತ್ತು?”

ಹಾಗೆ ಹೇಳು ಎಂದು ಚವರಪ್ಪನು ತಲೆದೂಗಿದನು. ಆಮೇಲೆ ತಲೆ ನಿಂತಿತು. ಆ ಮಾತನ್ನು ಇಷ್ಟು ವರ್ಷಗಳಲ್ಲಿ ಆಕೆಯ ಪರವಾಗಿ ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಪಣವನ್ನು ಗೆದ್ದಿದ್ದನು, ಆದರೆ ಗೆದ್ದ ಹಕ್ಕನ್ನು ಯಾವ ಮುಖದಿಂದ ಚಲಾಯಿಸುವುದೆಂದು ತೋಚಲಿಲ್ಲ.

ಆದ್ದರಿಂದ ಆ ಸಮರವಿಜಯಿಯು, ಕಾಲು ಚಾಚಿಕೊಂಡು ಕೂರುವಂತೆ ಹೆಂಡತಿಗೆ ಹೇಳಿ, ತಳಹಿಡಿದ ಪಾತ್ರೆಯನ್ನು ಹೆಗಲಿಗೇರಿಸಿ, ಹಿತ್ತಲ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತನು. ಸುತ್ತಲೂ ಹುಡುಕಿದನು. “ಲೂರ್ದೂ, ಪಾತ್ರೆ ಉಜ್ಜೋ ನಾರೆಲ್ಲಿಟ್ಟಿದ್ದೀಯೇ?”

“ನಿಮ್ ಕಣ್ ಮುಂದೇನೇ ಅದೆ” ಎಂದು ಒಳಗಿನಿಂದ ಉತ್ತರ ಬಂತು.