ಸಾವಕಾರರ ವಿಮಾನ ಕೆಮ್ಮಿದಾಗ

ಮೋಟಾರು ಕೆಟ್ಟರೆ ದಾರಿ ಬದಿಗೆ ನಿಲ್ಲಿಸಿ, ಬೇವಿನ ನೆರಳಲ್ಲಿ ಒಂದು ಬೀಡಿ ಸೇದಿ, ಆಮೇಲೆ ಬಾನೆಟ್ ಎತ್ತಬಹುದು. ಆಕಾಶದಲ್ಲಿ ಬದಿಯೂ ಇಲ್ಲ, ಬೇವೂ ಇಲ್ಲ. ಆದರೂ ನಮ್ಮ ವಿಮಾನ ಕೆಡುತ್ತಿದ್ದದ್ದು ಮೇಲೆ ಹೋದಾಗಲೇ. ಕೆಳಗಿದ್ದಾಗ ಒಂದು ದಿನವೂ ಕೆಟ್ಟದ್ದಿಲ್ಲ.

ಎರಡನೇ ದೊಡ್ಡ ಲಡಾಯಿ ಮುಗಿದ ಮೇಲೆ ಫೌಜಿನವರು ಬೇಡವೆಂದು ಮಾರಿದ ಪುಟ್ಟ ವಿಮಾನವೊಂದನ್ನು ನಮ್ಮ ಸಾವಕಾರರು ವಿಜಾಪುರಕ್ಕೆ ತಂದರು. ಅವರದು ಅರಳೆ ವ್ಯಾಪಾರ. ಹಾರುವುದನ್ನು ಮುಂಬೈಯಲ್ಲಿ ಕಲಿತಿದ್ದರು. ನಾನು ಅವರ ಮೋಟಾರಿನ ಡ್ರೈವರ್. ರಿಪೇರಿಯೂ ಅಷ್ಟಿಷ್ಟು ಬರುತ್ತಿತ್ತು ಅಂತ ನನ್ನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ, ಹಿಂದಿನ ಸೀಟಿನಿಂದ ಅವರು ಹಾರಿಸುತ್ತಿದ್ದರು. ಮಾತಿಗೆ ನಡುವೆ ಒಂದು ರಬ್ಬರ್ ನಳಿಗೆ. ಅದರಲ್ಲಿ ಅರ್ಧ ಮಾತು ನನಗೆ ಬರುತ್ತಿತ್ತು, ಉಳಿದರ್ಧ ಗಾಳಿಗೆ ಹೋಗುತ್ತಿತ್ತು.

ಬುತ್ತಿ

ಒಮ್ಮೆ ಭೂತನಾಳ ಕೆರೆಯ ಮೇಲೆ ಇಂಜಿನ್ ಕೆಮ್ಮತೊಡಗಿತು. ಪೆಟ್ರೋಲ್ ಬಿಡುವ ಕಾಕು, ಅಂದರೆ ನಲ್ಲಿ, ನನ್ನ ಸೀಟಿನ ಪಕ್ಕಕ್ಕಿತ್ತು. ಸಾವಕಾರರು ನಳಿಗೆಯಲ್ಲಿ, "ಪೆಟ್ರೋಲ್ ಕಾಕ್ ನೋಡು" ಅಂದರು. ನನಗೆ ಕೇಳಿಸಿದ್ದು "ಪೆಟ್ರೋಲ್ ಸಾಕಾ ನೋಡು" ಅಂತ. "ಸಾಕ್ರಿ, ಭಾಳ ಐತ್ರಿ" ಅಂದೆ. ಅವರು ಮತ್ತೆ ಅದನ್ನೇ ಕೂಗಿದರು, ನಾನು ಮತ್ತೆ ಧೈರ್ಯ ಹೇಳಿದೆ. ಕೆಳಗೆ ಕೆರೆಯ ನೀರು ಹತ್ತಿರವಾಗುತ್ತಿತ್ತು. ಈಸು ಬಾರದವನು ನಾನು. ಸಾಯುವುದಂತೂ ಖರೆ, ಹಸಿದು ಯಾಕೆ ಸಾಯಬೇಕು ಅಂತ, ಸಾವಕಾರ್ತಿ ಕಟ್ಟಿಕೊಟ್ಟಿದ್ದ, ನಾನು ಸೀಟಿನ ಪಕ್ಕಕ್ಕೆ ತುರುಕಿದ್ದ ಬುತ್ತಿಯನ್ನು ಎಳೆದುಕೊಂಡೆ. ಅದರ ಒತ್ತಿಗೆ ಕೆಳಗಿನ ಕಾಕು ಅರ್ಧ ಮುಚ್ಚಿ ಕೂತಿತ್ತು. ಪೂರಾ ತೆರೆದೆ. ಇಂಜಿನ್ ಗುಡುಗಿ ಎದ್ದಿತು.

ಏನು ಮಾಡಿದೆ ಅಂತ ಸಾವಕಾರರು ಕೇಳಿದರು. "ಬುತ್ತಿ ಬಿಚ್ಚಾಕ ಹೋದೆ ನೋಡ್ರಿ" ಅಂದೆ. ಅವರು ನಳಿಗೆಯಲ್ಲೇ ಅಂದರು, "ಹಂಗಾರ ನನಗೊಂದು ರೊಟ್ಟಿ ಕೊಡು."

ಸರೀರಿ

ಇನ್ನೊಮ್ಮೆ ಟಿಕೋಟಾದ ಕಡೆ ಹೊರಟಾಗ, ಘೋಣಸಗಿ ಊರಿನ ಮೇಲೆ, ಇಂಜಿನ್ ಕೆಮ್ಮಲೂ ಇಲ್ಲ, ಸುಮ್ಮನೆ ನಿಂತಿತು. ಪೆಟ್ರೋಲಿನಲ್ಲಿ ನೀರು ಸೇರಿತ್ತೆಂದು ಆಮೇಲೆ ತಿಳಿಯಿತು. ಸಾವಕಾರರು ಮೂತಿ ತಗ್ಗಿಸಿ, ಜೋಳ ಕೊಯ್ದ ಹೊಲವೊಂದನ್ನು ಗೊತ್ತು ಮಾಡಿ, ಗಾಳಿಗೆ ಎದುರಾಗಿ ಇಳಿಸತೊಡಗಿದರು. ಆ ಹೊಲದ ನಟ್ಟನಡುವೆ ಮಂದಿ ನಿಂತು ಮೇಲೆ ನೋಡುತ್ತಿದ್ದರು. ಇಂಜಿನ್ನಿನ ಸದ್ದಿಲ್ಲದ್ದರಿಂದ ಕೂಗಿದರೆ ಕೇಳುವಂತಿತ್ತು.

ಸಾವಕಾರರು ಕೈ ಬೀಸಿ, "ಸರೀರಿ, ಸರೀರಿ" ಎಂದು ಕೂಗಿದರು.

ಕೆಳಗಿನವರೂ ಕೈ ಬೀಸಿ, "ಸರಿ ರೀ, ಬರ್ರಿ" ಅಂದರು. ಒಬ್ಬರೂ ಸರಿಯಲಿಲ್ಲ.

ಕಡೇ ಗಳಿಗೆಯಲ್ಲಿ ಸಾವಕಾರರು ವಿಮಾನ ಹೊರಳಿಸಿ ಪಕ್ಕದ ಹೊಲಕ್ಕೆ ಹಾಕಿದರು. ಜೋಳದ ದಂಟಿನ ಕಣಿಕೆ ಬಣವಿಗೆ ಮೂತಿ ಮುಟ್ಟಿ ನಿಂತಿತು. ಹಿರಿಯನೊಬ್ಬ ನಿಧಾನಕ್ಕೆ ನಡೆದು ಬಂದ. ಅವನ ಮುಖದಲ್ಲಿ ಬೇಸರವಿತ್ತು.

"ನಾವು ಸರಿ ಅಂದಿದ್ವಿ. ಮತ್ಯಾಕ ಅವ್ರ ಹೊಲಕ್ಕ ಹೋದ್ರಿ?"

ಹಿಡೀರಿ

ಅದೇ ಹೊಲದಲ್ಲಿ ಪೆಟ್ರೋಲ್ ಸೋಸಿ ಹಾಕಿದೆವು. ವಿಮಾನಕ್ಕೆ ಬ್ರೇಕಿರಲಿಲ್ಲ. ಇಂಜಿನ್ ಹತ್ತಿಸಲು ನಾನು ಮೂತಿಯ ಪಂಕಾ ಕೈಯಿಂದ ತಿರುಗಿಸುವಾಗ ಅದು ನನ್ನ ಮೇಲೇ ಬರಬಾರದು ಅಂತ, ಬಾಲ ಹಿಡೀರಿ ಎಂದು ನಾಲ್ಕು ಜನ ಗಟ್ಟಿಗರಿಗೆ ಹೇಳಿದೆ. ಇಂಜಿನ್ ಹತ್ತಿತು, ನಾನೂ ಹತ್ತಿದೆ. ಸಾವಕಾರರು ಪೂರಾ ಜೋರು ಕೊಟ್ಟರು. ವಿಮಾನ ಗಡಗಡ ನಡುಗಿತೇ ಹೊರತು ಜಗ್ಗಲಿಲ್ಲ. ಇಂಜಿನ್ನಿನಲ್ಲಿ ದಮ್ಮಿಲ್ಲ ಅಂದುಕೊಂಡು ಬಂದ್ ಮಾಡಿ, ಪ್ಲಗ್ಗು ಬಿಚ್ಚಿ ತಿಕ್ಕಿ, ಮತ್ತೆ ಚಾಲೂ ಮಾಡಿದೆವು. ಮತ್ತೆ ಅದೇ ಕಥೆ. ಕಡೆಗೆ ಸಾವಕಾರರು ಹಿಂದೆ ಹೊರಳಿ ನೋಡಿದರು. ಧೂಳಿನಲ್ಲಿ ನಾಲ್ಕೂ ಜನ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬಾಲಕ್ಕೆ ಜೋತುಬಿದ್ದಿದ್ದರು.

"ಬಿಡ್ರಿ ಅಂತ ಯಾರೂ ಅನ್ನಲಿಲ್ಲರಿ" ಅಂದ ಅವರಲ್ಲೊಬ್ಬ.

ಇಳಿಸಿದವರು

ಬಬಲೇಶ್ವರದ ಹತ್ತಿರ ಆದದ್ದು ಈಗಲೂ ನನಗೆ ಪೂರಾ ಅರ್ಥವಾಗಿಲ್ಲ. ಎರಡೂ ಸೀಟಿಗೆ ಒಂದೊಂದು ನಡೆಸುವ ಕೋಲಿತ್ತು. ಅದನ್ನು ನೆಟ್ಟಗೆ ಹಿಡಿಯುವುದನ್ನಷ್ಟೇ ನನಗೆ ಕಲಿಸಿದ್ದರು. ಅಂದು ಇಂಜಿನ್ ಢಬ್ ಎಂದು ಸದ್ದು ಮಾಡಿ ಆರಿತು. ತಾವು ಇಂಜಿನ್ನಿನ ಸ್ವಿಚ್ಚು ನೋಡುವ ತನಕ "ಕೋಲು ನೀ ಹಿಡಿ" ಎಂದು ಸಾವಕಾರರು ಹೇಳಿದರಂತೆ. ಆ ಸದ್ದಿಗೆ ಗುಂಯ್‌ಗುಡುತ್ತಿದ್ದ ನನ್ನ ಕಿವಿಗೆ ನಳಿಗೆಯಲ್ಲಿ ಬಂದದ್ದು "ಕೋಲು ನಾ ಹಿಡಿದೇನಿ" ಅಂತ. ನಾನು ನಿಶ್ಚಿಂತನಾಗಿ ಕೈ ಮುಗಿದು, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದೆ. ಅವರು ತಲೆ ಬಗ್ಗಿಸಿ ಸ್ವಿಚ್ಚು ತಿರುವುತ್ತಲೇ ಇದ್ದರು.

ವಿಮಾನ ಹಕ್ಕಿಯಂತೆ ತೇಲಿ, ದೊಡ್ಡದೊಂದು ಬೀಳು ಹೊಲದಲ್ಲಿ ಮೆಲ್ಲಗೆ ಪುಟಿದು ನಿಂತಿತು. ಸಾವಕಾರರು ಜಿಗಿದು ಬಂದು ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಭೇಷ್ ಇಳಿಸಿದಿ. ಇಷ್ಟು ಚಂದ ನನಗೂ ಇಳಿಸಾಕ ಬರಂಗಿಲ್ಲ."

"ನಾ ಎಲ್ಲಿ ಇಳಿಸೇನಿ ಸಾವಕಾರ್ರ? ನೀವ ಇಳಿಸಿದ್ರಿ."

ಅವರು ತಬ್ಬಿದ್ದ ಕೈ ಬಿಟ್ಟರು. ಇಬ್ಬರೂ ಹೊರಳಿ ವಿಮಾನದ ಕಡೆ ನೋಡಿದೆವು. ಅದು ಏನೂ ಆಗದವರ ಹಾಗೆ ಬಿಸಿಲಲ್ಲಿ ನಿಂತಿತ್ತು. ಸಾವಕಾರರು ಟೊಪ್ಪಿಗೆ ತೆಗೆದು, ಸಣ್ಣ ದನಿಯಲ್ಲಿ ಅಂದರು:

"ಹಂಗಾರ ಇಷ್ಟು ದಿನ ನಡುವ ಕೈ ಹಾಕಿ ಅದಕ್ಕ ತ್ರಾಸ ಕೊಟ್ಟವ್ರು ನಾವ ಏನೋ."